ಎಂಜಿನ್ನಿನ ನೀರು, ಕಾಕ್‌ಪಿಟ್ಟಿನ ಕಾವು

ಕೈಯಾರೆ ಕಟ್ಟಿದ ಪುಟ್ಟ ವಿಮಾನದೊಳಗೆ ಬೆಚ್ಚನೆಯ ಗಾಳಿ ಎಲ್ಲಿಂದ ಬರಬೇಕು? ಬೆಂಗಳೂರಿನ ಕಿಟ್ ವಿಮಾನಗಳಿಂದ ಶಿರೋಳಿಯ ರೇಡಿಯೇಟರ್ ಮಿಸ್ತ್ರಿಗಳವರೆಗೆ

ಎಣ್ಣೆ ಎಂಜಿನ್ನಿನ ಹಿಟ್ಟಿನ ಗಿರಣಿ ನೋಡಿದವರಿಗೆ ಅದರ ಪಕ್ಕದ ನೀರಿನ ತೊಟ್ಟಿಯೂ ನೆನಪಿರುತ್ತದೆ. ಎಂಜಿನ್ನಿನ ಒಡಲು ಸುತ್ತಿ ಬಂದ ನೀರು ಒಂದು ಕೊಳವೆಯಿಂದ ತೊಟ್ಟಿಗೆ ಬೀಳುತ್ತಿತ್ತು. ಅಲ್ಲಿ ತಣಿದು ಇನ್ನೊಂದು ಕೊಳವೆಯಿಂದ ಮತ್ತೆ ಒಳಗೆ ಹೋಗುತ್ತಿತ್ತು. ಮಾಗಿಯ ಮುಂಜಾನೆ ಗಿರಣಿಯಾತ ಕೈಕಾಲು ಮುಖ ತೊಳೆಯುತ್ತಿದ್ದದ್ದು ಆ ನೀರಿನಲ್ಲೇ. ಹೊಗೆ ಕೊಳವೆಯೂ ಅಲ್ಲೇ ಇತ್ತು, ನೀರಿಗಿಂತ ಎಷ್ಟೋ ಪಾಲು ಹೆಚ್ಚು ಸುಡುತ್ತಿತ್ತು. ಆದರೂ ಅದನ್ನು ಗೋಡೆಯಾಚೆಗೆ ಹೊರಳಿಸಿ, ಅದರಿಂದ ದೂರವೇ ಇರುತ್ತಿದ್ದರು.

ಸಣ್ಣ ವಿಮಾನಗಳ ಲೋಕ ನಡೆದದ್ದು ಇದಕ್ಕೆ ತದ್ವಿರುದ್ಧವಾಗಿ. ಅಲ್ಲಿ ದಶಕಗಳಿಂದ ಪೈಲಟ್‌ಗಳ ಕಾಲು ಬೆಚ್ಚಗಿಡುತ್ತಿರುವುದು ಹೊಗೆ ಕೊಳವೆ. ಅದಕ್ಕೆ ಕಾರಣವೂ ಇದೆ. ಸೆಸ್ನಾ, ಪೈಪರ್‌ಗಳಂಥ ಹೆಚ್ಚಿನ ವಿಮಾನಗಳ ಎಂಜಿನ್‌ಗಳು ಗಾಳಿಯಿಂದ ತಣಿಯುವಂಥವು, ಅವುಗಳಲ್ಲಿ ಬಿಸಿ ನೀರು ಎಂಬುದೇ ಇಲ್ಲ. ಆದರೆ ಇವತ್ತು ಮನೆಯ ಶೆಡ್ಡಿನಲ್ಲಿ, ಗ್ಯಾರೇಜಿನಲ್ಲಿ ಕಟ್ಟುವ ವಿಮಾನಗಳಲ್ಲಿ ಎಷ್ಟೋ ವಿಮಾನಗಳ ಎಂಜಿನ್ನಿನೊಳಗೆ ನೀರು ಹರಿಯುತ್ತದೆ. ನೀರು ಇದ್ದೂ ಹೊಗೆಯನ್ನೇ ನಂಬುವುದು ನನಗೆ ಸರಿಯೆನಿಸುವುದಿಲ್ಲ. ಈ ಲೇಖನ ಬರೆಯುತ್ತಿರುವುದು ಅದಕ್ಕಾಗಿಯೇ.

ಶಿರೋಳಿಯಿಂದ ನೋಡಿದರೆ

ನೀರಿನ ಕಾವಿಗೆ ಬೇಕಾದ ಕೈಕಸುಬು ಹುಡುಕಿದರೆ ಸಿಗುವುದು ಶಿರೋಳಿಯಲ್ಲಿ. ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಪಂಚಗಂಗೆಯ ದಡಕ್ಕೆ ಅಂಟಿಕೊಂಡ ಈ ಊರು ಕೊಲ್ಹಾಪುರಕ್ಕೆ ಬಾಗಿಲು ಇದ್ದಂತೆ. ಇಲ್ಲಿನ ಎಂಐಡಿಸಿ ಕೈಗಾರಿಕಾ ವಸಾಹತಿನಲ್ಲಿ ಫೌಂಡ್ರಿಗಳು ಸಾಲುಸಾಲಾಗಿವೆ. ಎಂಜಿನ್ನಿನ ಬ್ಲಾಕು, ಸಿಲಿಂಡರ್ ಹೆಡ್ಡು, ಪಂಪಿನ ಮೈ, ಎಲ್ಲವನ್ನೂ ಈ ಸೀಮೆ ಎರಕ ಹೊಯ್ಯುತ್ತದೆ. ಮೆನನ್ ಪಿಸ್ಟನ್ಸ್ ಕಾರ್ಖಾನೆ ಇರುವುದೂ ಶಿರೋಳಿಯಲ್ಲೇ. ಕಬ್ಬಿನ ಗಾಣ, ಎಣ್ಣೆ ಎಂಜಿನ್ನಿನ ಬಿಡಿಭಾಗಗಳ ರಿಪೇರಿಯಿಂದ ಶುರುವಾದ ಕಸುಬು ಇವತ್ತು ದೇಶದ ಟ್ರಾಕ್ಟರು, ಲಾರಿಗಳ ಎಂಜಿನ್ನಿನೊಳಗೆ ಹೊಕ್ಕಿದೆ. ನಿಪ್ಪಾಣಿ, ಸಂಕೇಶ್ವರ, ಗಡಹಿಂಗ್ಲಜ ಕಡೆಯ ಕನ್ನಡದ ಮಂದಿಗೆ ಇದು ಪರಸ್ಥಳವಲ್ಲ. ಸಂತೆ, ಸಂಬಂಧ, ಸಂಬಳ ಮೂರೂ ಗಡಿಯ ಎರಡೂ ಮಗ್ಗುಲಿಗೆ ಹಬ್ಬಿವೆ. ಈ ಸೀಮೆಯ ಯಂತ್ರಪರಂಪರೆಗೆ ದೊಡ್ಡ ಹೆಸರು ತಂದ ಲಕ್ಷ್ಮಣರಾವ್ ಕಿರ್ಲೋಸ್ಕರರು ಹುಟ್ಟಿದ್ದು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ. 1888ರಲ್ಲಿ ಬೆಳಗಾವಿಯಲ್ಲಿ ಸೈಕಲ್ ಅಂಗಡಿ ಇಟ್ಟು, 1910ರಲ್ಲಿ ಕಿರ್ಲೋಸ್ಕರವಾಡಿ ಕಟ್ಟಿದವರು ಅವರು.

ವಿಮಾನವೂ ಇಲ್ಲಿಗೆ ಹೊಸದಲ್ಲ. ಕೊಲ್ಹಾಪುರದ ಉಜಳಾಯಿವಾಡಿಯ ವಿಮಾನ ನಿಲ್ದಾಣ 1939ರದು, ಛತ್ರಪತಿ ರಾಜಾರಾಮ ಮಹಾರಾಜರ ಕಾಲದ್ದು. ಉತ್ತರಕ್ಕೆ ಸಾತಾರಾ ಜಿಲ್ಲೆಯ ಪಾಟಣ ತಾಲೂಕಿನ ಮೂಲದ ಪೈಲಟ್ ಅಮೋಲ್ ಯಾದವ್ ಮುಂಬೈಯ ಚಾರ್ಕೋಪಿನಲ್ಲಿ ತಮ್ಮ ಮನೆಯ ಮಾಳಿಗೆಯ ಮೇಲೆಯೇ ಆರು ಆಸನದ ವಿಮಾನ ಕಟ್ಟಿದರು. 2016ರ ಮೇಕ್ ಇನ್ ಇಂಡಿಯಾ ಪ್ರದರ್ಶನದಲ್ಲಿ ಅದನ್ನು ಇಟ್ಟಾಗ ನೋಡಲು ಜನ ಮುಗಿಬಿದ್ದರು. ವಿಮಾನಯಾನ ನಿಯಂತ್ರಕ ಡಿಜಿಸಿಎಯ ನೋಂದಣಿ ಸಿಕ್ಕಿದ್ದು 2017ರಲ್ಲಿ. ಕೈಯಾರೆ ವಿಮಾನ ಕಟ್ಟುವ ಹಂಬಲ ನಮ್ಮ ನಾಡಿನಲ್ಲಿ ಎಷ್ಟು ಗಟ್ಟಿ, ಅದರ ದಾರಿ ಎಷ್ಟು ದೀರ್ಘ ಎಂಬುದಕ್ಕೆ ಈ ಒಂದು ಕತೆ ಸಾಕು.

ಬೆಂಗಳೂರಿನಿಂದ ಚಳಿಯ ನಾಡಿಗೆ

ಕಿಟ್ ವಿಮಾನ, ನೀರಿನ ಎಂಜಿನ್, ಚಳಿ ಈ ಮೂರೂ ಒಂದೆಡೆ ಸೇರಿದ ನಮ್ಮದೇ ಉದಾಹರಣೆ ಬೆಂಗಳೂರಿನ ರಾಜಹಂಸ ಅಲ್ಟ್ರಾಲೈಟ್ಸ್. ಜೋಯೆಲ್ ಕೊಯೆಷ್ಲೀನ್ ಎಂಬ ಫ್ರೆಂಚ್ ಮೂಲದವರು ಕಟ್ಟಿದ ಈ ಸಂಸ್ಥೆಯ ಎಕ್ಸ್-ಏರ್ ವಿಮಾನಗಳು ಅಲ್ಯೂಮಿನಿಯಂ ಕೊಳವೆಯ ಅಸ್ಥಿ, ಬಟ್ಟೆಯ ಹೊದಿಕೆ, ಎರಡು ಆಸನದವು. ಬಿಡಿಭಾಗಗಳಾಗಿ ಪೆಟ್ಟಿಗೆಯಲ್ಲಿ ಹೊರದೇಶಕ್ಕೆ ಹೋದವು, ಬ್ರಿಟನ್ನಿನ ಶೆಡ್ಡುಗಳಲ್ಲಿ ಹವ್ಯಾಸಿಗಳ ಕೈಯಲ್ಲಿ ಜೋಡಣೆಯಾದವು. ಅಲ್ಲಿ ಚೆನ್ನಾಗಿ ಓಡಿದ ಒಂದು ಮಾದರಿಗೆ ಹಾಕುತ್ತಿದ್ದದ್ದು ರೋಟಾಕ್ಸ್ 582 ಎಂಜಿನ್: ಎರಡು ಸಿಲಿಂಡರು, ಎರಡು ಸ್ಟ್ರೋಕು, ಸುಮಾರು 65 ಅಶ್ವಶಕ್ತಿ, ನೀರಿನಿಂದ ತಣಿಯುವಂಥದ್ದು. ಬೆಂಗಳೂರಿನ ಹವೆಯಲ್ಲಿ ಹುಟ್ಟಿದ ವಿಮಾನದಲ್ಲಿ ಅಲ್ಲಿ ಅಂಗಿಯ ತೋಳು ಮಡಿಸಿಕೊಂಡೇ ಹಾರಬಹುದು. ಬ್ರಿಟನ್ನಿನ ಜನವರಿಯಲ್ಲಿ ಅದೇ ವಿಮಾನದೊಳಗೆ ಬೆರಳು ಮರಗಟ್ಟುತ್ತದೆ. ಮರಗಟ್ಟಿದ ಬೆರಳಿಗೆ ಸ್ವಿಚ್ಚು, ನಾಬು ಯಾವುದೂ ಸರಿಯಾಗಿ ಹತ್ತುವುದಿಲ್ಲ, ನಡುಗುವ ಮೈಯಲ್ಲಿ ತಲೆಯೂ ನಿಧಾನವಾಗುತ್ತದೆ. ಕಾವು ಅಲ್ಲಿ ಸುಖದ ಮಾತಲ್ಲ, ಸುರಕ್ಷತೆಯ ಮಾತು.

ಬೆಂಗಳೂರಿನ ವಿಮಾನ ಸಂಶೋಧನಾ ಸಂಸ್ಥೆ ಎನ್‌ಎಎಲ್ ಕೂಡ ಸಣ್ಣ ವಿಮಾನಗಳ ಈ ದಾರಿಯಲ್ಲಿ ನಡೆದಿದೆ. ಅಮೆರಿಕದ ಹವ್ಯಾಸಿಗಳಿಗಾಗಿ ಬರ್ಟ್ ರುಟಾನ್ ರೂಪಿಸಿದ ಲಾಂಗ್-ಈಜಿ ವಿನ್ಯಾಸವನ್ನು ಆಧರಿಸಿ ರುಸ್ತುಂ ದಮಾನಿಯಾ ಅವರ ತಂಡ ಎಲ್‌ಸಿಆರ್‌ಎ ಎಂಬ ವಿಮಾನ ಕಟ್ಟಿ 1987ರಲ್ಲಿ ಹಾರಿಸಿತು. ಮುಂದೆ ಅದರ ರೂಪದಿಂದಲೇ ರುಸ್ತುಂ ಎಂಬ ಪೈಲಟ್‌ರಹಿತ ವಿಮಾನ ಬಂತು, ಹೆಸರೂ ಅವರದೇ. ಲಾಂಗ್-ಈಜಿಯ ಎಂಜಿನ್ ಇರುವುದು ಬೆನ್ನ ಹಿಂದೆ. ಎಂಜಿನ್ ಹಿಂದಿದ್ದರೆ ಬಿಸಿಗಾಳಿಯನ್ನು ಮುಂದೆ ಕೂತವನ ಪಾದದವರೆಗೆ ತರುವುದು ಪಡಿಪಾಟಲು, ದಾರಿಯಲ್ಲೇ ಆರಿಹೋಗುತ್ತದೆ. 1993ರಲ್ಲಿ ಮೊದಲು ಹಾರಿದ ಎನ್‌ಎಎಲ್‌ನ ಹಂಸದಲ್ಲಿ ಎಂಜಿನ್ ಮುಂದೆ ಬಂತು. ಹಂಸ-3ಕ್ಕೆ ಕೂರಿಸಿದ್ದು ಟರ್ಬೊ ಇರುವ ರೋಟಾಕ್ಸ್ 914, ಹೊಸ ಹಂಸ-ಎನ್‌ಜಿಗೆ 912ರ ವಂಶದ್ದು. ಭಾರತದ ಸೇನಾಪಡೆಗಳು ಮತ್ತು ಎನ್‌ಸಿಸಿಗಾಗಿ 2015ರಲ್ಲಿ ಕೊಳ್ಳಲು ಒಪ್ಪಿದ 194 ಪಿಪಿಸ್ಟ್ರೆಲ್ ವಿಮಾನಗಳಿಗೂ ಇದೇ 912. ಹೀಗೆ ಈ ಒಂದು ಎಂಜಿನ್ ಮನೆತನವನ್ನು ಅರಿತರೆ ನಮ್ಮ ಸಣ್ಣ ವಿಮಾನಗಳ ದೊಡ್ಡ ಪಾಲನ್ನು ಅರಿತಂತೆ.

ಹೊಗೆಯ ಕಾವಿನ ಅಪಾಯ

ಹಳೆಯ ಪದ್ಧತಿ ಸರಳ. ಸೈಲೆನ್ಸರಿನ ಸುತ್ತ ತಗಡಿನ ಒಂದು ಕವಚ ತೊಡಿಸುತ್ತಾರೆ. ಹೊರಗಿನ ಗಾಳಿ ಕವಚದೊಳಗೆ ನುಗ್ಗಿ, ಸುಡುವ ಕೊಳವೆಯ ಮೈ ಸವರಿಕೊಂಡು, ಬಿಸಿಯಾಗಿ ಕ್ಯಾಬಿನ್ನಿಗೆ ಬರುತ್ತದೆ. ತೂಕ ಕಡಿಮೆ, ಖರ್ಚು ಕಡಿಮೆ, ಕಾವು ಭರ್ಜರಿ. ಆದರೆ ಉಸಿರಾಡುವ ಗಾಳಿಗೂ ವಿಷದ ಹೊಗೆಗೂ ನಡುವೆ ಇರುವುದು ಒಂದು ತೆಳು ತಗಡು ಮಾತ್ರ. ಆ ತಗಡು ಪ್ರತಿ ಹಾರಾಟದಲ್ಲೂ ಕೆಂಪಗೆ ಕಾಯ್ದು ತಣಿಯುತ್ತದೆ, ಸದಾ ಅದುರುತ್ತದೆ. ಕವಚದೊಳಗಿರುವುದರಿಂದ ಬಿರುಕು ಬಿಟ್ಟರೂ ಕಣ್ಣಿಗೆ ಬೀಳುವುದಿಲ್ಲ.

ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿಯುವುದಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಮೇಲೇರಿದಂತೆ ಆಮ್ಲಜನಕ ಹೇಗೂ ಕಡಿಮೆ, ಅದರ ಮೇಲೆ ಇದು. ಮೊದಲು ತಲೆನೋವು, ಆಮೇಲೆ ಮಂಪರು, ಆಮೇಲೆ ಎಲ್ಲ ಸರಿಯಿದೆ ಎಂಬ ಸುಳ್ಳು ನೆಮ್ಮದಿ. ಅಪಾಯದಲ್ಲಿದ್ದೇನೆ ಎಂದು ತಿಳಿಯಬೇಕಾದ ಬುದ್ಧಿಯೇ ಮೊದಲು ಮಂಕಾಗುತ್ತದೆ.

2019ರ ಜನವರಿ 21ರ ರಾತ್ರಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಫ್ರಾನ್ಸಿನ ನಾಂತ್‌ನಿಂದ ವೇಲ್ಸಿನ ಕಾರ್ಡಿಫ್‌ಗೆ ಹೊರಟ ಒಂಟಿ ಎಂಜಿನ್ನಿನ ಪೈಪರ್ ಮಲಿಬು ಇಂಗ್ಲಿಷ್ ಕಾಲುವೆಯಲ್ಲಿ ಬಿತ್ತು. ಅವರ ರಕ್ತದ ಹಿಮೋಗ್ಲೋಬಿನ್ನಿನಲ್ಲಿ ಶೇಕಡ 58ರಷ್ಟು ಕಾರ್ಬನ್ ಮೊನಾಕ್ಸೈಡಿನ ವಶವಾಗಿತ್ತು. ಪೈಲಟ್‌ನ ಮೇಲೂ ವಿಷ ಪರಿಣಾಮ ಮಾಡಿರಬೇಕು, ಅನಿಲ ಬಂದದ್ದು ಬಹುಶಃ ಎಂಜಿನ್ನಿನ ಹೊಗೆಯ ಸೋರಿಕೆಯಿಂದ ಎಂದು ಬ್ರಿಟನ್ನಿನ ತನಿಖಾ ಸಂಸ್ಥೆ 2020ರಲ್ಲಿ ವರದಿ ಕೊಟ್ಟಿತು. ಆ ವಿಮಾನ ಮನೆಯಲ್ಲಿ ಕಟ್ಟಿದ್ದಲ್ಲ, ಹೆಸರಾಂತ ಕಾರ್ಖಾನೆಯಿಂದ ಬಂದದ್ದು. ಶೆಡ್ಡಿನಲ್ಲಿ ಒಬ್ಬನೇ ವೆಲ್ಡಿಂಗ್ ಮಾಡಿ ಕೂರಿಸುವ ಕವಚ ಅದಕ್ಕಿಂತ ಗಟ್ಟಿಯೆಂದು ಯಾರು ಹೇಳಬಲ್ಲರು?

ಬಿಟ್ಟಿ ಸಿಗುವ ಬಿಸಿ

ಪೆಟ್ರೋಲಿನ ಶಕ್ತಿಯಲ್ಲಿ ಪ್ರೊಪೆಲ್ಲರ್ ತಿರುಗಿಸಲು ಒದಗುವುದು ಮೂರನೆಯ ಒಂದು ಪಾಲಿಗಿಂತಲೂ ಕಡಿಮೆ. ಮಿಕ್ಕಿದ್ದು ಹೊಗೆಯಲ್ಲಿ, ನೀರಿನಲ್ಲಿ, ಎಣ್ಣೆಯಲ್ಲಿ, ಗಾಳಿಯಲ್ಲಿ ಹೋಗುತ್ತದೆ. ರೋಟಾಕ್ಸ್ 912ರಲ್ಲಿ ಸಿಲಿಂಡರುಗಳನ್ನು ತಣಿಸುವುದು ಗಾಳಿ, ನೀರು ಹರಿಯುವುದು ಹೆಡ್ಡುಗಳಲ್ಲಿ ಮಾತ್ರ. ಹಾಗಿದ್ದೂ 100 ಅಶ್ವಶಕ್ತಿಯ ಎಂಜಿನ್ ಪೂರ್ತಿ ದುಡಿಯುವಾಗ ರೇಡಿಯೇಟರು ಹೊರಗೆ ಚೆಲ್ಲುವ ಕಾವು 20 ಕಿಲೋವಾಟಿಗೂ ಮೇಲೆ. ಇಬ್ಬರು ಕೂರುವ ಕ್ಯಾಬಿನ್ನಿಗೆ ಬೇಕಾದದ್ದು ಎರಡು ಕಿಲೋವಾಟು. ವಿದ್ಯುತ್ತಿನಿಂದ ಬಿಸಿ ಮಾಡಬಹುದಲ್ಲ ಎಂದರೆ, ಎಂಜಿನ್ನಿನೊಳಗೇ ಇರುವ ಜನರೇಟರಿನ ಶಕ್ತಿ 250 ವ್ಯಾಟಿನಷ್ಟೇ. ಅದರಲ್ಲೇ ರೇಡಿಯೊ, ದೀಪ, ಪಂಪು ಎಲ್ಲ ನಡೆಯಬೇಕು.

ರೇಡಿಯೇಟರಿನ ಕಾವನ್ನೇ ಬಳಸುವ ಜಾಣತನ ಎರಡನೆಯ ಮಹಾಯುದ್ಧದ ವಿಮಾನಗಳಲ್ಲೇ ಇತ್ತು. ಮಸ್ಟಾಂಗಿನ ಹೊಟ್ಟೆಯಡಿಯ ರೇಡಿಯೇಟರನ್ನು ಹಾದು ಬಿಸಿಯಾದ ಗಾಳಿಯಲ್ಲಿ ಒಂದಿಷ್ಟನ್ನು ಕಾಕ್‌ಪಿಟ್ಟಿಗೆ ತಿರುಗಿಸುತ್ತಿದ್ದರು. ಸ್ಪಿಟ್‌ಫೈರಿನಲ್ಲಿ ರೇಡಿಯೇಟರಿನ ಬಿಸಿಗಾಳಿ ಹೋಗುತ್ತಿದ್ದದ್ದು ರೆಕ್ಕೆಯೊಳಗಿನ ಬಂದೂಕುಗಳಿಗೆ, ಎತ್ತರದಲ್ಲಿ ಅವು ಹೆಪ್ಪುಗಟ್ಟಬಾರದೆಂದು.

ಮನೆಯಲ್ಲಿ ಕಟ್ಟುವವರ ಮುಂದೆ ಎರಡು ದಾರಿಗಳಿವೆ. ಒಂದು ಮಸ್ಟಾಂಗಿನದು: ದೊಡ್ಡ ರೇಡಿಯೇಟರಿನ ಬೆನ್ನಿಗೆ ಪೆಟ್ಟಿಗೆ ಕಟ್ಟಿ, ಅಲ್ಲಿನ ಗಾಳಿಯನ್ನೇ ಕೊಳವೆಯಲ್ಲಿ ತರುವುದು. ನೀರಿನ ಕೊಳವೆಗಳನ್ನು ಮುಟ್ಟುವಂತೆಯೇ ಇಲ್ಲ, ಅದೇ ಇದರ ದೊಡ್ಡ ಗುಣ. ಆದರೆ ಆ ಗಾಳಿ ಉಗುರುಬೆಚ್ಚಗಿರುತ್ತದೆ ಅಷ್ಟೆ, ಕಡು ಚಳಿಗೆ ಸಾಲುವುದಿಲ್ಲ. ಮೇಲಾಗಿ ಅದು ಎಂಜಿನ್ನಿನ ಕೋಣೆಯೊಳಗೇ ಹಾದು ಬಂದರೆ ಎಣ್ಣೆಯ ಕಮಟು, ಹೊಗೆ ಎರಡನ್ನೂ ಹೊತ್ತು ತರುತ್ತದೆ. ಎರಡನೆಯದು ಕಾರಿನ ದಾರಿ: ಅಂಗೈಯಗಲದ ಇನ್ನೊಂದು ರೇಡಿಯೇಟರು, ಅಂದರೆ ಹೀಟರ್ ಕೋರ್. ನನ್ನ ಒಲವು ಇದರ ಕಡೆಗೆ.

ಕೊಳವೆ, ಕೀಲು, ಗುಳ್ಳೆ

912ರಲ್ಲಿ ಪಂಪು ನೀರನ್ನು ನಾಲ್ಕು ಹೆಡ್ಡುಗಳಿಗೆ ತಳ್ಳುತ್ತದೆ. ನಾಲ್ಕರಿಂದಲೂ ಅದು ಮೇಲಿನ ಪುಟ್ಟ ಟ್ಯಾಂಕಿಗೆ ಬಂದು ಕೂಡುತ್ತದೆ, ಅಲ್ಲಿಂದ ರೇಡಿಯೇಟರಿಗೆ, ಮತ್ತೆ ಪಂಪಿಗೆ. ನೀರು ಅತಿ ಬಿಸಿ ಇರುವುದು ಟ್ಯಾಂಕು ಬಿಟ್ಟು ರೇಡಿಯೇಟರ್ ಸೇರುವ ಮುನ್ನ. ಕವಲು ತೆಗೆಯಬೇಕಾದದ್ದು ಅಲ್ಲಿಯೇ. ಕೋರ್ ಹಾದು ತಣಿದ ನೀರನ್ನು ಪಂಪು ಹೀರುವ ಬಾಯಿಗೆ ಮರಳಿಸಬೇಕು. ಕವಲನ್ನು ತಪ್ಪಾದ ಜಾಗದಲ್ಲಿ, ರೇಡಿಯೇಟರಿನ ಆಚೆಗೆ ತೆಗೆದು, ಕೋರ್ ತಣ್ಣಗಿದೆಯೆಂದು ತಲೆ ಕೆಡಿಸಿಕೊಂಡವರಿದ್ದಾರೆ. ನೀರು ಸುಲಭದ ದಾರಿ ಹಿಡಿಯುತ್ತದೆ ಎಂಬುದನ್ನೂ ಮರೆಯಬಾರದು. ಅಗಲವಾದ ರೇಡಿಯೇಟರು ಪಕ್ಕದಲ್ಲೇ ತೆರೆದಿದ್ದರೆ ಇಕ್ಕಟ್ಟಿನ ಕೋರಿನೊಳಗೆ ಅದು ತಾನಾಗಿ ನುಗ್ಗುವುದಿಲ್ಲ, ಕೊಳವೆಗಳ ಅಳತೆ ನೋಡಿಯೇ ಆರಿಸಬೇಕು.

ಇನ್ನು ಗಾಳಿಯ ಲೆಕ್ಕ. ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿಯನ್ನು 40 ಡಿಗ್ರಿ ಏರಿಸಿದರೆ ಸಮುದ್ರಮಟ್ಟದಲ್ಲಿ ಸುಮಾರು 800 ವ್ಯಾಟು ಕಾವು ಒಳಗೆ ಬಂದಂತೆ. ಹತ್ತು ಸಾವಿರ ಅಡಿಯಲ್ಲಿ ಗಾಳಿ ತೆಳು, ಅದೇ ಹರಿವಿಗೆ 600 ವ್ಯಾಟು. ಆದ್ದರಿಂದ ನಿಮಿಷಕ್ಕೆ ಮೂರು ಘನ ಮೀಟರಿನಷ್ಟಾದರೂ ಹರಿಯುವಂತೆ ಕೊಳವೆ ಇಡಬೇಕು. ಒಳಬಂದ ಗಾಳಿಗೆ ಹೊರಹೋಗಲು ಕಿಂಡಿಯೂ ಬೇಕು. ಎಷ್ಟೋ ವಿಮಾನಗಳಲ್ಲಿ ಹೀಟರ್ ಕೆಲಸ ಮಾಡುತ್ತಿಲ್ಲ ಎಂಬ ದೂರಿನ ಮೂಲ ಇಲ್ಲೇ ಇರುತ್ತದೆ. ಒಳಗಿನದು ಹೊರಹೋಗದೆ ಹೊಸದು ಬರಲಾರದು, ಬಾಗಿಲ ಸಂದಿಗಳಿಂದ ನುಗ್ಗುವ ತಣ್ಣನೆಯ ಗಾಳಿಯೇ ಗೆಲ್ಲುತ್ತದೆ.

ಕೋರನ್ನು ಎಲ್ಲಿ ಕೂರಿಸಬೇಕು ಎಂಬಲ್ಲಿ ಮಾತ್ರ ನಾನು ಹಟ ಹಿಡಿಯುತ್ತೇನೆ. ಕಾರಿನಲ್ಲಿ ಅದು ಡ್ಯಾಶ್‌ಬೋರ್ಡಿನ ಹಿಂದೆ, ಅಂದರೆ ಕೂರುವವರ ಕೋಣೆಯೊಳಗೆ ಇರುತ್ತದೆ. ಕಾರಿನಲ್ಲಿ ಅದು ಸೋರಿದರೆ ರಸ್ತೆ ಪಕ್ಕ ನಿಲ್ಲಿಸಬಹುದು. ವಿಮಾನದಲ್ಲಿ ಸೋರಿದರೆ 100 ಡಿಗ್ರಿಯ ಆಸುಪಾಸಿನ ಗ್ಲೈಕಾಲ್ ಮಿಶ್ರಿತ ನೀರು ಪಾದದ ಮೇಲೆ ಬೀಳುತ್ತದೆ, ಅದರ ಆವಿ ಗಾಜಿಗೆ ಜಿಡ್ಡಾಗಿ ಅಂಟಿ ಮುಂದಿನದೇನೂ ಕಾಣದು. ಹಾಗಾಗಿ ಕೋರ್ ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಬೆಂಕಿ ತಡೆಗೋಡೆಯಾದ ಫೈರ್‌ವಾಲಿನಾಚೆ, ಎಂಜಿನ್ನಿನ ಕಡೆಯೇ ಇರಲಿ. ಅದಕ್ಕೆ ಹೊರಗಿನ ಶುದ್ಧ ಗಾಳಿ ತನ್ನದೇ ಕೊಳವೆಯಲ್ಲಿ ಬರಲಿ. ಒಳಗೆ ಬರುವುದು ಬಿಸಿ ಗಾಳಿಯೊಂದೇ, ಅದೂ ಬೆಂಕಿ ಬಿದ್ದರೆ ತಟ್ಟನೆ ಮುಚ್ಚುವ ಸ್ಟೀಲಿನ ಮುಚ್ಚಳದ ಮೂಲಕ.

ಹೀಟರ್ ಜೋಡಿಸುವುದೆಂದರೆ ಎಂಜಿನ್ನಿನ ಪ್ರಾಣದ ದಾರಿಗೆ ನಾಲ್ಕಾರು ಹೊಸ ಕೀಲು ಹಾಕುವುದು. ಒಂದು ಕ್ಲಿಪ್ಪು ಸಡಿಲಾದರೂ ಖಾಲಿಯಾಗುವುದು ಹೀಟರಿನ ನೀರಲ್ಲ, ಎಂಜಿನ್ನಿನ ನೀರು. ನೀರಿಲ್ಲದ ಹೆಡ್ಡು ಕೆಲವೇ ನಿಮಿಷದಲ್ಲಿ ಕೈಕೊಡುತ್ತದೆ. ಆದ್ದರಿಂದ ಕವಲಿನ ಎರಡೂ ತುದಿಗೆ, ಎಂಜಿನ್ನಿನ ಹತ್ತಿರದಲ್ಲೇ, ಮುಚ್ಚುವ ಕೀಲಿ ಬೇಕು. ಕೊಳವೆಯ ತುದಿಯಲ್ಲಿ ಉಬ್ಬು ಅಂಚು ಇರಬೇಕು, ಹೋಸು ಜಾರಬಾರದು. ಕೋರ್ ರಬ್ಬರಿನ ಮೆತ್ತೆಯ ಮೇಲೆ ಕೂರಬೇಕು. ಈ ಸುತ್ತಿನಲ್ಲಿ ಎತ್ತರದ ತಾಣ ಎಲ್ಲಿದೆಯೋ ಅಲ್ಲಿ ಗಾಳಿ ಬಿಡುವ ತಿರುಪು ಇರಬೇಕು, ಇಲ್ಲದಿದ್ದರೆ ಸಿಕ್ಕಿಬಿದ್ದ ಗುಳ್ಳೆಯೊಂದೇ ಹರಿವನ್ನು ತಡೆದುಬಿಡುತ್ತದೆ.

ಶಿರೋಳಿಯ ಕಸುಬು ಬೇಕಾಗುವುದು ಇಲ್ಲಿ. ಹೆದ್ದಾರಿಯ ಲಾರಿಗಳನ್ನು ನಂಬಿಕೊಂಡ ರೇಡಿಯೇಟರ್ ಅಂಗಡಿಯಲ್ಲಿ ಕೆಲಸ ನಡೆಯುವ ಬಗೆ ನೋಡಬೇಕು. ಹಿತ್ತಾಳೆಯ ಟ್ಯಾಂಕು, ತಾಮ್ರದ ಜಾಳಿ, ಸೋಲ್ಡರಿನ ಹೊಗೆ. ಮಿಸ್ತ್ರಿ ಕೋರಿನ ಒಂದು ಬಾಯಿ ಬಿಗಿದು, ಇನ್ನೊಂದಕ್ಕೆ ಗಾಳಿಯ ಪೈಪು ಹಚ್ಚಿ, ನೀರಿನ ತೊಟ್ಟಿಯಲ್ಲಿ ಮುಳುಗಿಸುತ್ತಾನೆ. ಜಾಳಿಯ ಮೇಲೆ ಕೈಯಾಡಿಸಿ ಅಂಟಿಕೊಂಡ ಗುಳ್ಳೆಗಳನ್ನು ಒರೆಸಿ ಹಾಕುತ್ತಾನೆ, ಆಮೇಲೆ ಕಣ್ಣು ಮಿಟುಕಿಸದೆ ಕಾಯುತ್ತಾನೆ. ಒಂದೇ ಜಾಗದಿಂದ ಸಾಲಾಗಿ ಎದ್ದರೆ ಅದು ತೂತು. ರೋಟಾಕ್ಸಿನ ಟ್ಯಾಂಕಿನ ಮುಚ್ಚಳ ಹಿಡಿಯುವ ಒತ್ತಡ 1.2 ಬಾರ್. ಅದರ ಮೇಲೂ ಒಂದಿಷ್ಟು ಒತ್ತಡ ಕೊಟ್ಟು, ಕೋರನ್ನು ಹೀಗೆ ಮುಳುಗಿಸಿ ನೋಡದೆ ವಿಮಾನಕ್ಕೆ ಹಾಕಕೂಡದು. ಈ ಪರೀಕ್ಷೆಗೆ ದೊಡ್ಡ ಪ್ರಯೋಗಾಲಯ ಬೇಕಿಲ್ಲ, ಆ ಮಿಸ್ತ್ರಿಯ ಕಣ್ಣು ಬೇಕು.

ಲೋಹದ ವಿಚಾರದಲ್ಲಿ ಎಚ್ಚರ ಬೇಕು. ಎಂಜಿನ್ನಿನ ಹೆಡ್ಡು ಅಲ್ಯೂಮಿನಿಯಂ. ಅದರ ಜೊತೆ ಒಂದೇ ನೀರಿನಲ್ಲಿ ತಾಮ್ರ, ಹಿತ್ತಾಳೆ ಸೇರಿದರೆ ತಿನ್ನಿಸಿಕೊಳ್ಳುವುದು ಅಲ್ಯೂಮಿನಿಯಮ್ಮೇ. ಆದಷ್ಟು ಅಲ್ಯೂಮಿನಿಯಂ ಕೋರನ್ನೇ ಆರಿಸಿಕೊಳ್ಳಬೇಕು. ನಮ್ಮ ಬಯಲುಸೀಮೆಯ ಬೋರಿನ ಗಡಸು ನೀರನ್ನು ಅಪ್ಪಿತಪ್ಪಿಯೂ ತುಂಬಬಾರದು, ಕೋರಿನ ಸಣ್ಣ ನಾಳಗಳು ಕಿಟ್ಟ ಕಟ್ಟುತ್ತವೆ. ಡಿಸ್ಟಿಲ್ಡ್ ನೀರು, ತುಕ್ಕು ತಡೆಯುವ ಅಂಶ ಬೆರೆತ ಎಥಿಲೀನ್ ಗ್ಲೈಕಾಲ್, ಅರ್ಧಕ್ಕರ್ಧ. ಈ ಮಿಶ್ರಣ ಮೈನಸ್ 35 ಡಿಗ್ರಿಯಲ್ಲೂ ಹೆಪ್ಪುಗಟ್ಟದು.

ಇಲ್ಲಿ ಬೇಕೆ ಇದೆಲ್ಲ?

ಕೊಲ್ಹಾಪುರದ ಜನವರಿಯ ಮುಂಜಾನೆ 14–15 ಡಿಗ್ರಿಯದು. ಇಚಲಕರಂಜಿಯ ಮಗ್ಗದ ಪಾಳಿಗೆ ಹೊರಟವನಿಗೆ ಒಂದು ಸ್ವೆಟರ್ ಸಾಕು. ಹತ್ತು ಸಾವಿರ ಅಡಿ ಮೇಲೆ ಹೋದರೂ ಈ ಆಕಾಶದಲ್ಲಿ ಹಿಮ ಸಿಗುವುದು ಅಪರೂಪ. ಹಾಗೆಂದು ಹೀಟರನ್ನು ಪೂರ್ತಿ ತಳ್ಳಿಹಾಕಲಾಗದು. ಪಂಚಗಂಗೆಯ ಬಯಲಿನಲ್ಲಿ ಮಂಜು ಕವಿಯುವ ಬೆಳಗು, ಮಳೆಗಾಲದ ತೇವದ ಸಂಜೆ, ಇಬ್ಬರ ಉಸಿರಿಗೇ ಗಾಜು ಬೆಳ್ಳಗಾಗುತ್ತದೆ. ಮೇಲಿನ ತಂಪಿನಲ್ಲಿ ತಣಿದ ಗಾಜು ಕೆಳಗಿನ ತೇವದ ಗಾಳಿಗೆ ಇಳಿದಾಗಲಂತೂ, ರನ್‌ವೇ ಕಾಣಲೇಬೇಕಾದ ಹೊತ್ತಿನಲ್ಲೇ ಮಬ್ಬಾಗುತ್ತದೆ. ಗಾಜಿನ ಬುಡಕ್ಕೆ ಬಿಸಿಗಾಳಿಯ ಒಂದು ಸೀಳು ಕಿಂಡಿ ಇಟ್ಟರೆ ಅದು ತಿಳಿಯಾಗುತ್ತದೆ. ನಮ್ಮ ಹವೆಯಲ್ಲಿ ಪಾದಕ್ಕಿಂತ ಮೊದಲು ಕಾವು ಸಲ್ಲಬೇಕಾದದ್ದು ಗಾಜಿಗೆ.

ಇನ್ನೊಂದು ಲಾಭ ಬೇಸಿಗೆಯದು. ಏಪ್ರಿಲಿನ 38 ಡಿಗ್ರಿಯಲ್ಲಿ ನಿಧಾನವಾಗಿ ಮೇಲೇರುವಾಗ ಎಂಜಿನ್ನಿನ ನೀರಿನ ಬಿಸಿ ತೋರಿಸುವ ಮುಳ್ಳು 120 ಡಿಗ್ರಿಯ ಮಿತಿಗೆರೆಯ ಕಡೆಗೆ ಸರಿಯುತ್ತದೆ. ಆಗ ಹೀಟರ್ ತೆರೆದು, ಗಾಳಿಯನ್ನು ಹೊರಕ್ಕೆ ಬಿಡುವ ವ್ಯವಸ್ಥೆ ಇದ್ದರೆ ಅದು ಎರಡನೆಯ ರೇಡಿಯೇಟರಿನಂತೆ ದುಡಿಯುತ್ತದೆ. ಬೇಸಿಗೆಗೆಂದು ಕೀಲಿ ಮುಚ್ಚಿಟ್ಟು ಮರೆತವರಿಗೆ ಈ ಅನುಕೂಲ ಸಿಗುವುದಿಲ್ಲ.

ತೂಕದ ವಿಚಾರಕ್ಕೆ ಬಂದರೆ ಕೋರ್, ಹೋಸು, ಒಳಗಿನ ನೀರು ಎಲ್ಲ ಸೇರಿ ಎರಡು ಮೂರು ಕಿಲೋ. ಗ್ರಾಮು ಗ್ರಾಮಿಗೂ ಲೆಕ್ಕ ಹಾಕುವ ಹಗುರ ವಿಮಾನದಲ್ಲಿ ಅದೇನು ಸಣ್ಣ ಮಾತಲ್ಲ. ಸೈಲೆನ್ಸರಿನ ಕವಚ ಇದರ ಅರ್ಧವೂ ತೂಗುವುದಿಲ್ಲ. ಈ ಒಂದು ಕಾರಣಕ್ಕೇ ನೀರಿನ ಎಂಜಿನ್ ಇರುವ ಎಷ್ಟೋ ವಿಮಾನಗಳೂ ಕವಚವನ್ನೇ ಉಳಿಸಿಕೊಂಡಿವೆ. ತೂಕಕ್ಕಾಗಿ ಅವರು ಮಾಡಿದ ಆಯ್ಕೆ ಅರ್ಥವಾಗುತ್ತದೆ. ಆದರೆ ನನ್ನ ಮಕ್ಕಳು ಕೂರುವ ವಿಮಾನವಾದರೆ ಆ ಎರಡು ಕಿಲೋವನ್ನು ನಾನು ಬೇರೆ ಎಲ್ಲಿಂದಲಾದರೂ ಇಳಿಸುತ್ತೇನೆ, ಇಲ್ಲಿಂದಲ್ಲ.

ನೀರಿನ ಹೀಟರ್ ಹಾಕಿದ ಮೇಲೂ ಕಾರ್ಬನ್ ಮೊನಾಕ್ಸೈಡ್ ಅಲಾರಂ ಬಿಡುವಂತಿಲ್ಲ. ಬಣ್ಣ ಬದಲಾಯಿಸುವ ಅಂಟುಚೀಟಿ ಸಾಲದು. ಅದನ್ನು ಯಾರಾದರೂ ನೋಡಬೇಕು, ಮಂಪರಿನಲ್ಲಿರುವವನು ನೋಡುವುದಿಲ್ಲ. ಕಿವಿಗೆ ಕೂಗುವ ಎಲೆಕ್ಟ್ರಾನಿಕ್ ಅಲಾರಂ ಬೇಕು, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು ಸಿಗುತ್ತದೆ. ಹೊಗೆ ಒಳಬರಲು ಹೀಟರೇ ಬೇಕೆಂದಿಲ್ಲ: ಫೈರ್‌ವಾಲಿನಲ್ಲಿ ತಂತಿ ಹಾಯ್ದ ತೂತು, ಬಾಗಿಲಿನ ರಬ್ಬರು ಸವೆದ ಸಂದಿ, ಬಾಲದ ಕಡೆಯಿಂದ ಮುಂದಕ್ಕೆ ಹೀರಿಕೊಳ್ಳುವ ಗಾಳಿ, ಯಾವುದಾದರೂ ಸಾಕು. ಮೊದಲ ಚಳಿಯ ಹಾರಾಟದಲ್ಲಿ ಹೀಟರ್ ಮುಚ್ಚಿ ಒಮ್ಮೆ, ತೆರೆದು ಒಮ್ಮೆ, ಏರುವಾಗ, ಸಮನಾಗಿ ಹಾರುವಾಗ, ಎಂಜಿನ್ನಿನ ವೇಗ ಇಳಿಸಿ ಜಾರುವಾಗ ಅಲಾರಂ ತೋರಿಸುವ ಅಂಕಿಯನ್ನು ಬರೆದಿಟ್ಟುಕೊಳ್ಳಬೇಕು. ಅಂಕಿ ಸೊನ್ನೆಯಿಂದ ಮೇಲೆದ್ದ ದಿನ ಇಳಿದು, ಎಂಜಿನ್ನಿನ ಹೊದಿಕೆಯಾದ ಕೌಲಿಂಗ್ ಬಿಚ್ಚಿ, ಸೈಲೆನ್ಸರಿನ ಪ್ರತಿ ಬೆಸುಗೆಯನ್ನೂ ಟಾರ್ಚ್ ಹಿಡಿದು ನೋಡಬೇಕು.